ಅಣ್ಣಾಜಿ ಮಾಸ್ತರರು ಮುರಿಸದ ಠೇವಣಿ

ರಾಣೆಬೆನ್ನೂರಿನ ಅಣ್ಣಾಜಿ ಮಾಸ್ತರರು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ನಿವೃತ್ತರಾದ ಮೇಲೆ ಅವರಿಗೆ ಶೇರುಪೇಟೆಯ ಹುಚ್ಚು ಹಿಡಿಯಿತು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಹಾವೇರಿಯ ಹೋಟೆಲಿನಲ್ಲಿ ಸೇರುವ ನಮ್ಮ ಹೂಡಿಕೆದಾರರ ಗುಂಪಿಗೆ ಅವರೇ ಹಿರಿಯರು.

ಎರಡು ವರ್ಷದ ಹಿಂದೆ ನಮ್ಮಲ್ಲಿ ನಡೆಯುತ್ತಿದ್ದದ್ದು ಒಂದೇ ಚರ್ಚೆ: ಅಮೆರಿಕದ ಎರಡು ಚಿಪ್ ಕಂಪನಿಗಳಲ್ಲಿ ಯಾವುದರ ಶೇರು ಕೊಳ್ಳಬೇಕು? ಹೊಸ ಕಂಪನಿಯದು ನಾಲ್ಕು ಪಟ್ಟಾಗಿತ್ತು, ಹಳೆಯದರದು ಅರ್ಧಕ್ಕಿಳಿದಿತ್ತು. ಮಾಸ್ತರರ ಒಲವು ಹಳೆಯದರ ಕಡೆಗೆ. ಅದಕ್ಕೆ ಸ್ವಂತ ಕಾರ್ಖಾನೆಗಳಿವೆ, ಎದ್ದೇ ಏಳುತ್ತದೆ, ಇಷ್ಟು ಅಗ್ಗಕ್ಕೆ ಮತ್ತೆ ಸಿಗದು ಎಂದು ಅವರ ವಾದ. ಬ್ಯಾಂಕಿನ ಠೇವಣಿ ಪೂರ್ತಿ ಮುರಿಸಿ ಅದಕ್ಕೇ ಹಾಕುವುದಾಗಿ ಒಂದು ದಿನ ಹೇಳಿಬಿಟ್ಟರು.

ಎದುರು ಮಾತಾಡಿದವಳು ತಸ್ಲೀಮ್ ಒಬ್ಬಳೇ. ಅವರ ಹಳೆಯ ವಿದ್ಯಾರ್ಥಿನಿ. ಈಗ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್.

"ಸರ್, ನಮ್ಮಲ್ಲಿ ಎರಡು ವರ್ಷದ ಹಳೇ ಕಾಯಿ ಐತ್ರಿ. ಬಣ್ಣ ಹೋಗೇತಿ, ಅದಕ್ಕ ರೇಟು ಇಳದೈತಿ. ಇಳದಿದ್ದೆಲ್ಲಾ ಅಗ್ಗ ಅಲ್ರಿ."

ಅಷ್ಟಕ್ಕೇ ಬಿಡಲಿಲ್ಲ. ಕಂಪನಿ ಏಳಲು ಐದು ವರ್ಷ ಬೇಕಾದರೆ ಕಾಯುತ್ತೀರಾ, ನಡುವೆ ಮನೆಗೆ ಹಣ ಬೇಕಾದರೆ ಏನು ಮಾಡುತ್ತೀರಿ ಎಂದೂ ಕೇಳಿದಳು. ತಾವು ಪಾಠ ಹೇಳಿದ ಹುಡುಗಿ ಎಲ್ಲರೆದುರು ಹೀಗೆ ಕೇಳಿದ್ದು ಮಾಸ್ತರರಿಗೆ ಸಹಿಸಲಾಗಲಿಲ್ಲ. ಚಹಾ ಮುಟ್ಟದೆ ಎದ್ದು ಬಸ್ಸು ಹತ್ತಿದರು. ನಾಲ್ಕು ದಿನ ಅವಳ ಫೋನೂ ಎತ್ತಲಿಲ್ಲ. ಆಮೇಲೆ ತಾವೇ ಫೋನು ಮಾಡಿ, ಠೇವಣಿಯ ಹತ್ತರಲ್ಲಿ ಒಂದು ಪಾಲು ಮಾತ್ರ ಹಾಕಿದ್ದೇನೆ ಎಂದರು. ದನಿಯಲ್ಲಿ ಇನ್ನೂ ಮುನಿಸಿತ್ತು.

ಆರು ತಿಂಗಳಿಗೆ ಆ ಶೇರು ಮತ್ತೆ ಕುಸಿಯಿತು. ಅದೇ ಹೊತ್ತಿಗೆ ಅವರ ಹೆಂಡತಿ ಭಾಗೀರಥೀಬಾಯಿಗೆ ನಾಲ್ಕು ಹೆಜ್ಜೆ ನಡೆದರೂ ಏದುಸಿರು ಬರತೊಡಗಿತು. ಹೃದಯದ ಕವಾಟ ಕೂಡಲೇ ಬದಲಿಸಬೇಕೆಂದರು ಹುಬ್ಬಳ್ಳಿಯ ಡಾಕ್ಟರು. ಮುರಿಸದೆ ಉಳಿದ ಠೇವಣಿ ಬ್ಯಾಂಕಿನಲ್ಲಿ ಇತ್ತು. ವಾರದೊಳಗೆ ಆಪರೇಷನ್ ಆಯಿತು, ಭಾಗೀರಥೀಬಾಯಿ ಚೇತರಿಸಿಕೊಂಡರು.

ತಮಾಷೆಯೆಂದರೆ, ಆಮೇಲೆ ಹಳೆಯ ಕಂಪನಿ ಎದ್ದಿತು. ಮಾಸ್ತರರು ಕೊಂಡ ಬೆಲೆಯನ್ನೂ ದಾಟಿತು. ಕಳೆದ ತಿಂಗಳ ಸಭೆಯಲ್ಲಿ ಯಾರೋ ತಸ್ಲೀಮಳನ್ನು ಕೆಣಕಿದರು: ಸರ್ ಹೇಳಿದ್ದೇ ನಿಜವಾಯಿತು, ನೀನು ಅಡ್ಡ ಬಂದು ಅವರ ಲಾಭ ಕೆಡಿಸಿದೆ ಎಂದು. ಅವಳೂ ತನ್ನ ಅಂದಾಜು ತಪ್ಪಿತೆಂದು ಒಪ್ಪಿಕೊಂಡಳು.

ಮಾಸ್ತರರು ಎದ್ದು ನಿಂತರು. "ಕಂಪನಿ ಏಳತದ ಅಂತ ನಾ ಹೇಳಿದ್ದು ಖರೇ ಅದ. ಆದರ ಅದು ಏಳೂತನಕ ನಮ್ಮ ಭಾಗೀರಥಿಗೆ ಕಾಯಲಿಕ್ಕೆ ಆಗತಿರಲಿಲ್ಲ. ತಸ್ಲೀಮ್, ನಿನ್ನ ಉಪಕಾರ ನಾ ಮರಿಯಂಗಿಲ್ಲವ್ವಾ."

ತಸ್ಲೀಮ್ ತಲೆ ತಗ್ಗಿಸಿದಳು. "ಕುಂದರ್ರಿ ಸರ್, ಚಹಾ ಆರಾಕತ್ತೈತಿ," ಎಂದಳು ಮೆಲ್ಲಗೆ.