ಸಂಜೆ ರೈಲಿಗೆ ಮುಂಚಿನ ಒಂದು ಗಂಟೆ

ಹೋದ ತಿಂಗಳು ನಮ್ಮ ಬೀದಿಯ ತಿರುವಿನಲ್ಲಿ ಇಸ್ತ್ರಿಯವನು ಒದ್ದೆ ಪಂಚೆಯ ಮೇಲೆ ಕೆಂಡದ ಪೆಟ್ಟಿಗೆ ಒತ್ತಿದಾಗ ಬುಸ್ಸೆಂದು ಹಬೆ ಎದ್ದಿತು. ಹಬೆಯೂ ಇದ್ದಿಲ ಹೊಗೆಯೂ ಬೆರೆತ ಆ ವಾಸನೆಗೆ ಕೈಚೀಲ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಮೈಸೂರಿನ ಚಾಮರಾಜಪುರಂ ಸ್ಟೇಷನ್ನಿಗೆ ಸಂಜೆಯ ರೈಲು ಬಂದಾಗ ಹೆಚ್ಚುಕಮ್ಮಿ ಇಂಥದೇ ವಾಸನೆ ಪ್ಲಾಟ್‌ಫಾರಂ ತುಂಬುತ್ತಿತ್ತು. ಆ ರೈಲು ಹತ್ತಿ ಊರಿಗೆ ಹೋಗುತ್ತಿದ್ದವಳು ನನ್ನ ಬೆಂಚಿನ ಜೊತೆಗಾತಿ.

ಐವತ್ತರ ದಶಕದ ಮೊದಲ ವರ್ಷಗಳು. ನಾನು ಲಕ್ಷ್ಮೀಪುರಂನ ಮೇಷ್ಟರ ಮಗಳು. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದೆ. ಅವಳು ನಂಜನಗೂಡಿನ ಆಚೆಯ ಹಳ್ಳಿಯ ಒಕ್ಕಲು ಮನೆಯವಳು, ದಿನವೂ ರೈಲಿನಲ್ಲಿ ಓಡಾಡುತ್ತಿದ್ದಳು. ಕಾಲೇಜು ಬಿಟ್ಟ ಮೇಲೆ ಅವಳ ರೈಲಿಗೆ ಒಂದು ಗಂಟೆ ಉಳಿಯುತ್ತಿತ್ತು. ಆ ಒಂದು ಗಂಟೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಇಬ್ಬರೂ ಲೆಕ್ಕ ಮಾಡುತ್ತಿದ್ದೆವು. ನನಗೆ ಬೀಜಗಣಿತ ಸಲೀಸು, ಚಲನೆಯ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. ಅವಳದು ತಿರುಗಾಮುರುಗಾ.

ಮೇಲಕ್ಕೆಸೆದ ಚೆಂಡು ತುತ್ತತುದಿಯಲ್ಲಿ ಒಂದು ಕ್ಷಣ ನಿಂತಾಗಲೂ ಅದಕ್ಕೆ ಆಕ್ಸಿಲರೇಷನ್, ಅಂದರೆ ವೇಗ ಬದಲಾಗುವ ದರ, ಇದೆ ಎಂದು ಪುಸ್ತಕ ಹೇಳುತ್ತಿತ್ತು. ನಿಂತದ್ದಕ್ಕೆ ಅದೆಲ್ಲಿಂದ ಬಂತು ಎಂದು ನನ್ನ ಜಗಳ. ಅವಳು ಹಳಿಯ ಪಕ್ಕದಿಂದ ಒಂದು ಜಲ್ಲಿಕಲ್ಲು ಹೆಕ್ಕಿ ಮೇಲಕ್ಕೆಸೆದು ಹಿಡಿದಳು.

“ಮೇಲೆ ಓಗ್ವಾಗ್ಲೂ ಭೂಮಿ ಎಳೀತಾನೇ ಇರ್ತದೆ ಕಣೇ. ಒಂದು ಗಳಿಗೆ ನಿಂತ್ಕೊಂಡ್ತು ಅಂತ ಬುಟ್ಬುಡ್ತದಾ?”

ಅಷ್ಟೇ. ಮೂರು ವಾರ ಕಾಡಿದ್ದು ಆ ಸಂಜೆ ತಿಳಿಯಿತು.

ಎಕ್ಸ್, ವೈ ಕಂಡರೆ ಅವಳು ಪೆನ್ಸಿಲಿನ ತುದಿ ಕಚ್ಚುತ್ತಾ ಕೂತುಬಿಡುತ್ತಿದ್ದಳು. ಒಂದು ದಿನ ನಾನು ಸರಳರೇಖೆಯ ಸಮೀಕರಣವನ್ನೂ ವೇಗದ ಸೂತ್ರವನ್ನೂ ಅಕ್ಕಪಕ್ಕ ಬರೆದೆ. ಎರಡೂ ಒಂದೇ ರೂಪ; ಹೊರಟಾಗಿನ ವೇಗವೆಂದರೆ ಗೆರೆ ಶುರುವಾಗುವ ಜಾಗ, ವೇಗ ಏರುವ ದರವೆಂದರೆ ಗೆರೆಯ ಓರೆ ಎಂದು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ, “ಇಷ್ಟೇನಾ? ಅಂಗಾದ್ರೆ ನಮ್ಮ ರೈಲ್ನೂ ಬರೀಬೌದು,” ಅಂದಳು.

ಮಾರನೆಯ ದಿನ ಅಪ್ಪನ ಕೈಗಡಿಯಾರವನ್ನು ಹೇಳದೆ ಕೇಳದೆ ತಂದು ಅವಳಿಗೆ ಕೊಟ್ಟೆ. ರೈಲು ಹೊರಟಾಗಿನಿಂದ ಒಂದೊಂದು ತಂತಿಕಂಬ ದಾಟುವ ಹೊತ್ತನ್ನು ಅವಳು ಕಿಟಕಿಯ ಪಕ್ಕ ಕೂತು ಗುರುತು ಹಾಕಿಕೊಂಡಳು. ಮನೆಯಲ್ಲಿ ಅಪ್ಪ ಗಡಿಯಾರ ಹುಡುಕುತ್ತಿದ್ದರೆ ನಾನೂ ಜೊತೆಗೆ ಹುಡುಕುವ ನಾಟಕವಾಡಿದೆ. ಬೆಳಿಗ್ಗೆ ಅವಳು ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದುಕೊಟ್ಟಳು. ಕಂಬದಿಂದ ಕಂಬಕ್ಕೆ ರೈಲಿನ ವೇಗ ಲೆಕ್ಕ ಹಾಕಿ ಗ್ರಾಫ್ ಹಾಳೆಯ ಮೇಲೆ ಗುರುತಿಸಿದಾಗ ಮೊದಲ ಏಳು ಚುಕ್ಕಿ ಒಂದೇ ಗೆರೆಗೆ ಬಂದವು, ಆಮೇಲಿನವು ಬಾಗಿದವು. ಅಲ್ಲಿಗೆ ರೈಲು ತನ್ನ ವೇಗಕ್ಕೆ ಬಂದುಬಿಡುತ್ತದೆ ಎಂದು ಅವಳು ವಿವರಿಸಿದಳು. ಅವಳ ಮುಖದಲ್ಲಿ ಅಂದಿದ್ದ ಖುಷಿ... ಅದನ್ನು ಬರೆಯಲು ನನಗೆ ಬಾರದು.

ಎರಡನೆಯ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವಳು ಪುಸ್ತಕ ತೆರೆಯದೆ ಕೂತಳು. ಮನೆಯಲ್ಲಿ ಮದುವೆ ಗೊತ್ತುಮಾಡಿದ್ದರು. ಪರೀಕ್ಷೆಗೆ ಎರಡೇ ತಿಂಗಳು ಉಳಿದಿತ್ತು.

“ನಿಮ್ಮಪ್ಪ ಮೇಷ್ಟ್ರಲ್ವಾ, ಮೇಷ್ಟ್ರು ಹೇಳುದ್ರೆ ನಮ್ಮಪ್ಪ ಕೇಳ್ತಾರೆ,” ಎಂದಳು. “ಭಾನ್ವಾರ ಬೆಳಿಗ್ಗೆ ರೈಲ್ಗೆ ನಮ್ಮೂರ್ಗೆ ಕರ್ಕೊಂಡ್ಬತ್ತೀಯಾ? ಪರೀಕ್ಷೆ ಆಗೋಗಂಟ ತಡೀಲಿ ಅಂದ್ರೆ ಸಾಕು.”

ಬರುತ್ತೇನೆ ಎಂದು ಮಾತು ಕೊಟ್ಟೆ. ಅಪ್ಪನಿಗೆ ಹೇಳಿದೆ. ಪರರ ಮನೆಯ ಮದುವೆ ಮಾತಿನಲ್ಲಿ ನಾವು ಬಾಯಿ ಹಾಕುವುದು ಸರಿಯಲ್ಲ, ಅವರು ಏನೆಂದುಕೊಂಡಾರು ಎಂದರು. ನಾನು ಹಟ ಮಾಡಬಹುದಿತ್ತು. ಅಳಬಹುದಿತ್ತು. ಒಬ್ಬಳೇ ಹೋಗಿ, ಅಪ್ಪ ಬರಲಾಗಲಿಲ್ಲ ಎಂದಾದರೂ ಹೇಳಿಬರಬಹುದಿತ್ತು. ಆ ಭಾನುವಾರ ನಾನು ಅಮ್ಮನ ಜೊತೆ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದೆ.

ಸೋಮವಾರ ಅವಳು ಎಂದಿನಂತೆ ಬಂದು ನನ್ನ ಪಕ್ಕ ಕೂತಳು.

“ಸ್ಟೇಷನ್‌ಗೆ ಬಂದು ನಿಂತಿದ್ದೆ. ಇರ್ಲಿ ಬುಡು,” ಎಂದಳು.

ನಾನು ಏನೋ ಹೇಳಲು ಹೊರಟೆ. ಅವಳು ಆಗಲೇ ಪುಸ್ತಕ ತೆರೆದು, ಬಿಡಿಸಲಾಗದ ಲೆಕ್ಕದ ಮೇಲೆ ಬೆರಳಿಟ್ಟಿದ್ದಳು. ಆ ವಾರ ಕಳೆದ ಮೇಲೆ ಅವಳು ಕಾಲೇಜಿಗೆ ಬರಲಿಲ್ಲ.

ಪರೀಕ್ಷೆಯ ಮೊದಲ ದಿನ ಗೇಟಿನ ಹತ್ತಿರ ಅವಳನ್ನು ಕಂಡಾಗ ಗುರುತೇ ಹತ್ತಲಿಲ್ಲ. ಕೊರಳಲ್ಲಿ ಹೊಸ ತಾಳಿ, ಕೆನ್ನೆಗೆ ಅರಿಶಿನ. ಆಚೆ ಹೊಂಗೆಮರದ ಕೆಳಗೆ ಅವಳ ಗಂಡ ಬುತ್ತಿಯ ಗಂಟು ಹಿಡಿದು ನಿಂತಿದ್ದರು. ಪರೀಕ್ಷೆಗೆ ಕಳಿಸಬೇಕು ಎಂದು ಮದುವೆಯಾದ ವಾರದಲ್ಲೇ ಅವರನ್ನು ತಾನೇ ಕೇಳಿದ್ದಾಗಿಯೂ ಅವರು ಒಪ್ಪಿಕೊಂಡದ್ದಾಗಿಯೂ ಹೇಳಿದಳು. ನನ್ನಿಂದ ಆಗದ್ದನ್ನು ಅವಳೇ ಮಾಡಿಕೊಂಡಿದ್ದಳು. ಗಣಿತದ ದಿನ ಗಂಟೆ ಹೊಡೆಯುವುದಕ್ಕೆ ಹತ್ತು ನಿಮಿಷ ಮುಂಚೆ ಅವಳು ಕೇಳಿದ ಒಂದು ಸಮೀಕರಣವನ್ನು ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದೆ. ಒಳಗೆ ಪ್ರಶ್ನೆಪತ್ರಿಕೆಯಲ್ಲಿ ಅಂಥದೇ ಇತ್ತು. ಮುಂದಿನ ಸಾಲಿನಿಂದ ಅವಳು ಒಮ್ಮೆ ತಿರುಗಿ ನೋಡಿದಳು.

ಫಲಿತಾಂಶ ಬಂದ ದಿನ ಪತ್ರಿಕೆಯಲ್ಲಿ ನಮ್ಮಿಬ್ಬರ ನಂಬರುಗಳೂ ಅಕ್ಕಪಕ್ಕದಲ್ಲೇ ಬಂದವು. ಬಿ.ಎಸ್ಸಿ.ಗೆ ಸೇರು ಎಂದು ಅವಳ ಗಂಡನ ಊರಿಗೆ ಕಾರ್ಡು ಬರೆದೆ. ಉತ್ತರ ಬಂತು: ನಂಬರು ನೋಡಿದೆ, ನಿನ್ನದರ ಪಕ್ಕದಲ್ಲೇ ಇದೆ, ಮುಂದಕ್ಕೆ ಓದಲು ಇಲ್ಲಿ ಆಗುವುದಿಲ್ಲ, ನೀನು ಓದು. ಆದರೂ ದಸರಾ ರಜೆಯವರೆಗೆ ಬಿ.ಎಸ್ಸಿ. ತರಗತಿಯ ನನ್ನ ಬೆಂಚಿನಲ್ಲಿ ಅವಳ ಜಾಗಕ್ಕೆ ಪುಸ್ತಕ ಇಟ್ಟುಕೊಂಡು ಕೂತೆ. ರಜೆ ಮುಗಿದ ಮೇಲೆ ಬೇರೊಬ್ಬಳು ಬಂದು ಕೂತಳು. ಆ ಕಾರ್ಡಿಗೆ ಮರುತ್ತರ ಬರೆಯಲು ಎಷ್ಟು ಸಲ ಕೂತೆನೋ... ಆ ಭಾನುವಾರದ ಮಾತಿಗೆ ಬಂದಾಗಲೆಲ್ಲ ಲೇಖನಿ ನಿಲ್ಲುತ್ತಿತ್ತು. ಆಮೇಲೆ ಕೆಲಸ, ಸಂಸಾರ. ವರ್ಷಗಳು ಹೋದವು.

ಹೋದ ತಿಂಗಳು ಬೀದಿಯಿಂದ ಮನೆಗೆ ಬಂದವಳೇ ಆ ಹಳೆಯ ವಿಳಾಸಕ್ಕೆ, ನನ್ನ ಫೋನ್ ನಂಬರನ್ನೂ ಬರೆದು, ಕಾಗದ ಹಾಕಿದೆ. ಹತ್ತು ದಿನಕ್ಕೆ ಅವಳ ಮಗಳು ಫೋನು ಮಾಡಿದರು. ಅಮ್ಮ ತೀರಿಕೊಂಡು ನಾಲ್ಕು ವರ್ಷವಾಯಿತು ಎಂದರು. ನನ್ನ ವಿಷಯ ಏನಾದರೂ ಹೇಳುತ್ತಿದ್ದಳೇ ಎಂದು ಕೇಳಿದೆ.

“ಯಾವಾಗ್ಲೂ ಹೇಳೋರು ಕಣ್ರೀ. ಮೈಸೂರಲ್ಲಿ ಒಬ್ಳು ಗೆಳತಿ ಇದ್ಳು, ಅವಳಿಂದ್ಲೇ ನಾನು ಪಾಸಾದ್ದು ಅಂತ.”

ಬೇರೇನೂ ಹೇಳಲಿಲ್ಲವೇ ಎಂದು ಮತ್ತೆ ಮತ್ತೆ ಕೇಳಿದೆ. ಇಲ್ಲ ಎಂದರು. ಆ ಭಾನುವಾರವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅದನ್ನು ಬಲ್ಲವಳು ಈಗ ನಾನೊಬ್ಬಳೇ.