ಇಟ್ಟಂಗಿ ಹೊತ್ತ ಇಂಗ್ಲಿಷ್ ವೀರ

ಮೂವತ್ತು ವರ್ಷ ಶಹಾಪುರದಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದ ಮೇಲೆ ಒಂದು ತಪ್ಪು ಒಪ್ಪಿಕೊಳ್ಳುತ್ತಿದ್ದೇನೆ. ನಾನು ಮಾಡಿದ ಮೊಟ್ಟಮೊದಲ ಇಂಗ್ಲಿಷ್ ಪಾಠ ಶುದ್ಧ ಸುಳ್ಳು.

ಅದರ ಪಠ್ಯ ಒಂದು ಚಿತ್ರಕತೆಯ ಪುಸ್ತಕ. ಸುರಪುರದಲ್ಲಿ ಅಪ್ಪ ನಡೆಸುತ್ತಿದ್ದ ಕಿರಾಣಿ ಅಂಗಡಿಗೆ ಪುಡಿಕೆ ಕಟ್ಟಲು ಹೈದರಾಬಾದಿನಿಂದ ಬರುತ್ತಿದ್ದ ರದ್ದಿಯಲ್ಲಿ ಸಿಕ್ಕಿತ್ತು. ಅದರ ನಾಯಕ ಅಪ್ಪಟ ಬ್ರಿಟಿಷ್ ತಳಿ. ಅಮೆರಿಕದ ಮಹಾಶೂರರ ಹಾಗೆ ಎದೆಯುಬ್ಬಿಸಿ ನಿಲ್ಲುವವನಲ್ಲ. ಹಾರಲು ಬಂದರೂ ಮಳೆಯಲ್ಲಿ ಬಸ್ಸಿಗೆ ಕಾಯುತ್ತಿದ್ದ. ಮುಖವಾಡ ಅರ್ಧ ಎತ್ತಿ ಚಹಾ ಕುಡಿಯುತ್ತಿದ್ದ. ಅರ್ಧ ಜಗತ್ತು ಆಳಿದ ಜನ ಇಷ್ಟು ಸಪ್ಪಗಿದ್ದರೇ ಎಂದು ನನಗೆ ಆಗಲೇ ಅನುಮಾನ.

ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದ ನನ್ನಕ್ಕ ಶಾಂತಮ್ಮ ಅಂಗಡಿಯ ಕಟ್ಟೆಯ ಮೇಲೆ ಓಣಿಯ ಮಕ್ಕಳನ್ನು ಕೂಡಿಸಿಕೊಂಡು, ಬರೀ ಚಿತ್ರ ನೋಡಿ ಆ ಕತೆ ಹೇಳುತ್ತಿದ್ದಳು. ಕೊನೆಯ ಪುಟದಲ್ಲಿ ವೀರ ಇಟ್ಟಂಗಿ ಹೊತ್ತು ಒಬ್ಬ ಮುದುಕಿಯ ಮನೆಗೆ ಬರುತ್ತಾನೆ.

"ಹೊಡದಾಡೂ ಮುಂದ ಆಕಿ ಗ್ವಾಡಿ ಬಿದ್ದಿತ್ತಲ್ಲ, ಕಟ್ಟಿಕೊಡಾಕ ಬಂದಾನ," ಎನ್ನುತ್ತಿದ್ದಳು ಅಕ್ಕ.

ನಾನು ಆಗಷ್ಟೇ ಎಂಟನೆಯ ತರಗತಿ ಸೇರಿದ್ದೆ. ತುಂಬಿದ ಕೊಡ ತುಳುಕುವುದಿಲ್ಲವಂತೆ. ನನ್ನದು ತಳ ಮಾತ್ರ ಒದ್ದೆಯಾಗಿತ್ತು. ಒಂದು ದಿನ ಎಲ್ಲರೆದುರು ಪುಸ್ತಕ ಕಸಿದುಕೊಂಡು, ಅಕ್ಷರಗಳ ಮೇಲೆ ಬೆರಳಾಡಿಸುತ್ತ, "ಸುಳ್ಳ ಹೇಳಾಕತ್ತಾಳ. ಆ ಮುದುಕಿ ಕಳ್ಳಿ. ಇಂವ ಇಟ್ಟಂಗಿಲೆ ಹೊಡ್ಯಾಕ ಬಂದಾನ," ಎಂದೆ. ಮಕ್ಕಳು ನಕ್ಕರು. ಅಕ್ಕ ಸುಮ್ಮನೆ ಎದ್ದು ಒಳಗೆ ಹೋದಳು. ಆಮೇಲೆ ಅವಳು ಎಂದೂ ಕತೆ ಹೇಳಲಿಲ್ಲ.

ಮೊನ್ನೆ ಮಗಳು ಅದೇ ಪುಸ್ತಕವನ್ನು ಮೊಬೈಲಿನಲ್ಲಿ ಹುಡುಕಿಕೊಟ್ಟಳು. ಕನ್ನಡಕ ಏರಿಸಿ ಓದಿದೆ. ವೀರ ಬಂದದ್ದು ಗೋಡೆ ಕಟ್ಟಲಿಕ್ಕೇ. ಸೊಟ್ಟ ಕಟ್ಟಿದೆಯೆಂದು ಮುದುಕಿ ಅವನನ್ನು ಬೈಯುತ್ತಾಳೆ ಕೂಡ. ನಮ್ಮ ಪುರಾಣಗಳಲ್ಲಿ ಊರು ಸುಟ್ಟವರ ಹೆಸರು ಬೇಕಾದಷ್ಟಿವೆ; ಮರುದಿನ ಬಂದು ಸೂರು ಹೊದಿಸಿದವರ ಹೆಸರನ್ನು ಯಾವ ಶಾಸ್ತ್ರಿಗಳೂ ಹೇಳಿದ್ದು ನನಗೆ ನೆನಪಿಲ್ಲ. ಅಂಥದೊಂದು ಅಪರೂಪದ ಕತೆಯನ್ನು ಅಕ್ಷರದ ಹಂಗಿಲ್ಲದೆ ಓದಿದವಳ ಬಾಯಿ ಮುಚ್ಚಿಸಿದ್ದೆನಲ್ಲ ಎಂದು ಬಹಳ ನಾಚಿಕೆಯಾಯಿತು.

ಮರುದಿನವೇ ಬಸ್ಸು ಹತ್ತಿ ವಡಗೇರಾಕ್ಕೆ, ಅಕ್ಕನ ಮನೆಗೆ ಹೋದೆ. ಅವಳು ತೊಗರಿ ಹಸನು ಮಾಡುತ್ತಿದ್ದಳು. ಕೊನೆಯ ಪುಟ ಓದಿ ಹೇಳಿ, "ತಪ್ಪಾತಕ್ಕ. ನೀ ಹೇಳಿದ್ದ ಖರೆ. ಆವತ್ತ ನನಗ ಓದಾಕ ಬರ್ತಿದ್ದಿಲ್ಲ," ಎಂದೆ.

"ಗೊತ್ತಿತ್ತು," ಎಂದಳು ಅಕ್ಕ, ಮೊರದಿಂದ ತಲೆಯೆತ್ತದೆ. "ಅದ ಶಬ್ದಕ್ಕ ಒಮ್ಮೆ ಕಳ್ಳಿ ಅಂದಿ, ಮತ್ತೊಮ್ಮೆ ಇಟ್ಟಂಗಿ ಅಂದಿ. ನನಗೇನ ಕಣ್ಣಿದ್ದಿಲ್ಲೇನು?"

"ಮತ್ತ ಅಲ್ಲೇ ಯಾಕ ಹೇಳಲಿಲ್ಲ?"

"ಗಲ್ಲಾದ ಮ್ಯಾಲ ಅಪ್ಪ ಕುಂತು ಕೇಳಾಕತ್ತಿದ್ದ. ನಿನಗ ಬರಂಗಿಲ್ಲಂತ ಗೊತ್ತಾಗಿದ್ರ ಮರುದಿನ ನಿನ್ನೂ ಸಾಲಿ ಬಿಡಿಸಿ ಅಂಗಡ್ಯಾಗ ಕೂಡಸ್ತಿದ್ದ. ಮನ್ಯಾಗ ಒಬ್ಬರರೆ ಓದಲಿ ಅಂತ ಸುಮ್ಮನಾದೆ."