ಕೆಲಸ ನಿಂತ ಸಮಯ

ಬಿ.ಎ. ಕೊನೆಯ ವರ್ಷದ ಅರ್ಥಶಾಸ್ತ್ರದ ಕಿರುಪ್ರಬಂಧಕ್ಕೆ ನಾನು ಆರಿಸಿಕೊಂಡ ಪ್ರಶ್ನೆ ಸರಳವಾಗಿತ್ತು: ತಿಂಗಳ ಸಂಬಳದವರಿಗಿಂತ ಪೀಸ್ ಲೆಕ್ಕದಲ್ಲಿ ಕೂಲಿ ಪಡೆಯುವವರು ಹೆಚ್ಚು ಕೆಲಸ ಮಾಡುತ್ತಾರೆಯೇ? ಮಾಡುತ್ತಾರೆ ಎಂದು ಗೈಡ್ ಮೇಡಂಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬೇಕಾಗಿದ್ದುದು ಟೇಬಲ್. ಕುಣಿಗಲ್‌ನಿಂದ ತುಮಕೂರಿಗೆ ದಿನಾ ಓಡಾಡುತ್ತಿದ್ದ ನಾನು, ಕ್ಲಾಸು ಮುಗಿಸಿ ಅಂತರಸನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿಗೆ ಹೋಗಿ, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು, ಒಬ್ಬೊಬ್ಬರು ಗಂಟೆಗೆ ಎಷ್ಟು ಪೀಸ್ ಮಾಡುತ್ತಾರೆಂದು ಎಣಿಸುತ್ತಿದ್ದೆ. ನಾನೇ ಗೆರೆ ಎಳೆದ ಹಾಳೆಯ ಕೊನೆಯ ಕಾಲಂ ‘ಕೆಲಸ ನಿಂತ ಸಮಯ’. ನೀರು ಕುಡಿಯಲು ಎದ್ದದ್ದು, ಕರೆಂಟು ಹೋದದ್ದು, ಇಂಥವಕ್ಕೆ.

ತಗಡು ಅಚ್ಚೊತ್ತುವ ಪ್ರೆಸ್ ಯಂತ್ರದ ಮುಂದೆ ಕೂರುತ್ತಿದ್ದವರು ಗುಬ್ಬಿ ಊರಿನವರು, ಪೀಸ್ ಲೆಕ್ಕದವರು, ನಲವತ್ತರ ಆಸುಪಾಸು. ತಗಡನ್ನು ಅಚ್ಚಿನೊಳಗೆ ಇಟ್ಟು ಎರಡು ಕೈಯಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಮೇಲಿನ ಭಾರ ಕೆಳಗಿಳಿಯಬೇಕು. ಆಗ ಯಾವ ಕೈಯೂ ಒಳಗಿರುವುದಿಲ್ಲ. ಇವರು ಎಡಗಡೆಯ ಗುಂಡಿಯನ್ನು ಸದಾ ಒತ್ತಿಯೇ ಇರುವಂತೆ ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು ಕಟ್ಟಿದ್ದರು. ಏಕೆ ಎಂದು ಕೇಳಿದೆ.

“ಎರಡೂ ಕೈ ಅಲ್ಲೇ ಇಟ್ಕಂಡ್ ಕೂತ್ರೆ ತಗಡು ಇಡೋರ್ ಯಾರವ್ವ? ನಿಮ್ ಮೇಡಂ ಬತ್ತಾರಾ?”

ನಕ್ಕೆ. ಹಾಳೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲವಾದ್ದರಿಂದ ಬರೆದುಕೊಳ್ಳಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಮೊದಲ ದಿನ ಅವರ ಎಣಿಕೆ ಕಡಿಮೆ ಬಂತು. ಮರುದಿನ ನಾನು ಬೇರೊಬ್ಬರನ್ನು ಎಣಿಸಲು ಹೋದಾಗ ಅವರೇ ಕರೆದರು.

“ನೆನ್ನೇದು ಹೊಡ್ದಾಕವ್ವ. ತಲೆನೋವಿತ್ತು. ನಿನ್ ಬುಕ್ಕಲ್ಲಿ ನಾನೊಬ್ನೇ ಸೋಂಬೇರಿ ಅಂತ ಬಂದ್ರೆ ಹೆಂಗೆ? ಇವತ್ತು ನೋಡು.”

ಎಣಿಸುವ ಅಗತ್ಯವಿರಲಿಲ್ಲ. ಅವರ ಸಾಲು ಆಗಲೇ ತುಂಬಿತ್ತು. ಬುಕ್ಕಿನಲ್ಲಿ ಯಾರ ಹೆಸರೂ ಬರುವುದಿಲ್ಲ ಅಣ್ಣ, ಬರೀ ನಂಬರು, ಎಂದಿದ್ದರೂ ಸಾಕಿತ್ತು. ಆದರೆ ಎಣಿಕೆ ಹೆಚ್ಚು ಬಂದರೆ ನನ್ನ ಟೇಬಲ್‌ಗೇ ಒಳ್ಳೆಯದು ಅನ್ನಿಸಿತು. ಸ್ಟಾಪ್‌ವಾಚ್ ಒತ್ತಿ, “ಹೂಂ, ಶುರು ಮಾಡಿ” ಎಂದೆ.

ಅವರು ಶುರು ಮಾಡಿದರು. ಪಕ್ಕದ ಯಂತ್ರದವರು ರೇಗಿಸಿದರು: “ಏನ್ಲಾ, ಪರೀಕ್ಷೆ ಬರೀತಿದೀಯಾ? ಫಸ್ಟ್ ಕ್ಲಾಸ್ ಬರ್ಬೇಕಾ?”

“ನೀನ್ ಸುಮ್ಕಿರ್ಲಾ, ಫೇಲಾದೋನೆ,” ಎಂದು ಇವರು ಕೈ ನಿಲ್ಲಿಸದೆ ಹೇಳಿದರು. ಎಲ್ಲರೂ ನಕ್ಕರು. ನಾನಂತೂ ಈಗ ಜೋರಾಗಿಯೇ ಎಣಿಸುತ್ತಿದ್ದೆ, ಆಟದಲ್ಲಿ ಎಣಿಸುವ ಹಾಗೆ. ಸ್ವಲ್ಪ ಹೊತ್ತಿಗೆ ಯಂತ್ರಗಳ ಸದ್ದಿನಲ್ಲಿ ಅವರಿಗೆ ನನ್ನ ದನಿ ಕೇಳಿಸಲಿಲ್ಲವೇನೋ, ನನ್ನ ಕಡೆ ತಿರುಗಿ, “ಎಷ್ಟಾಯ್ತವ್ವ?” ಎಂದರು. ಎಡಗೈ ಅಚ್ಚಿನ ಒಳಗಿತ್ತು. ಬಲಗೈ ತನ್ನ ಅಭ್ಯಾಸದಂತೆ ಗುಂಡಿ ಒತ್ತಿತು.

ಸದ್ದು ಪ್ರತಿ ಪೀಸಿಗೆ ಬರುವ ಸದ್ದೇ. ಬೇರೆ ಏನೂ ಕೇಳಲಿಲ್ಲ. ಪಕ್ಕದವರು ಓಡಿಬಂದು ಮೇನ್ ಸ್ವಿಚ್ ಎಳೆದರು, ಟವೆಲ್ ಸುತ್ತಿ ಆಟೋದಲ್ಲಿ ಕೂರಿಸಿಕೊಂಡು ಹೋದರು. ಎರಡು ಬೆರಳು ಹೋಗಿದ್ದವು. ನಾನು ಹಾಳೆ ಹಿಡಿದುಕೊಂಡು ನಿಂತೇ ಇದ್ದೆ.

ಸಂಜೆ ಊರಿಗೆ ಮರಳುವ ಬಸ್ಸು ಹೆಬ್ಬೂರು ದಾಟುವಾಗ ಅಮ್ಮನ ಫೋನ್ ಬಂತು. ನೋಡಿದರೆ ಸ್ಟಾಪ್‌ವಾಚ್ ಇನ್ನೂ ಓಡುತ್ತಿತ್ತು.

ಆ ಸಾಲನ್ನು ತೆಗೆದುಬಿಡಲೇ ಎಂದು ಗೈಡ್ ಮೇಡಂ ಅವರನ್ನು ಕೇಳಿದೆ, ಕಾರಣ ಹೇಳಲಿಲ್ಲ. “ತೆಗೀಬೇಡ ಕಣೇ, ಸ್ಯಾಂಪಲ್ ಕಮ್ಮಿ ಆಗತ್ತೆ” ಎಂದರು. ಮೊದಲ ದಿನದ್ದನ್ನು ಹೊಡೆದುಹಾಕಿ, ಎರಡನೆಯ ದಿನ ಕೆಲಸ ನಿಲ್ಲುವವರೆಗಿನ ಎಣಿಕೆಯನ್ನೇ ಬರೆದೆ. ಗಂಟೆಯಲ್ಲಿ ಉಳಿದಿದ್ದ ನಿಮಿಷಗಳನ್ನು ಕೊನೆಯ ಕಾಲಂಗೆ ಹಾಕಿದೆ. ಟೇಬಲ್ ಸರಿಹೋಯಿತು. ವೈವಾದಲ್ಲಿ ಆ ಸಾಲಿನ ಬಗ್ಗೆ ಯಾರೂ ಕೇಳಲಿಲ್ಲ. ಒಳ್ಳೆಯ ಮಾರ್ಕ್ಸೇ ಬಂತು.

ಹೋದ ತಿಂಗಳು ಕೆಲಸದ ಮೇಲೆ ಗುಬ್ಬಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಅವರೇ ಗುರುತು ಹಿಡಿದು ಮಾತಾಡಿಸಿದರು. ಈಗ ಹಿರೇಹಳ್ಳಿಯಲ್ಲಿ ಒಂದು ಫ್ಯಾಕ್ಟರಿಯ ಗೇಟ್ ಕಾಯುತ್ತಾರಂತೆ. ಎಡಗೈಯನ್ನು ಪ್ಯಾಂಟಿನ ಜೇಬಿನಿಂದ ತೆಗೆಯಲಿಲ್ಲ.

“ಬುಕ್ಕು ಆಯ್ತೇನವ್ವ?”

“ಆಯ್ತಣ್ಣ.”

“ಅವತ್ತು ಕೇಳಿದ್ನಲ್ಲ, ನೀನು ಹೇಳ್ಲೇ ಇಲ್ಲ. ಎಷ್ಟಾಗಿತ್ತು?”

ಆ ಸಂಖ್ಯೆ ನನಗೆ ಬಾಯಿಪಾಠ. ಅವರ ಮುಖ ನೋಡಿದೆ.

“ನೆನಪಿಲ್ಲ ಅಣ್ಣ.”

“ಹೋಗ್ಲಿ ಬುಡು,” ಎಂದರು. “ಜಾಸ್ತೀನೇ ಆಗಿರ್ತದೆ.”